ಯುದ್ಧದಲ್ಲಿ ಹಾಳಾದ ಕಾಲುವೆಗೆ ಮತ್ತೆ ನೀರು: ಅಫ್ಘಾನಿಸ್ತಾನದ ಹಳ್ಳಿ ನೀರಾವರಿ ಮರುಕಟ್ಟುವ ಕ್ರಮ

ಅಫ್ಘಾನಿಸ್ತಾನದ ಹಳ್ಳಿಗಳ ಕಾಲುವೆಗಳು ಬಾಂಬಿಗೆ ಸಿಕ್ಕಿ ಹಾಳಾದದ್ದಕ್ಕಿಂತ ಹೆಚ್ಚಾಗಿ ಕೈಬಿಟ್ಟು ಹಾಳಾದವು. 1979ರಲ್ಲಿ ಸೋವಿಯತ್ ಸೇನೆ ನುಗ್ಗಿದ ನಂತರ ಲಕ್ಷಾಂತರ ಜನ ಪಾಕಿಸ್ತಾನ, ಇರಾನ್‌ಗಳಿಗೆ ಓಡಿಹೋದರು. ವರ್ಷಕ್ಕೊಮ್ಮೆ ಹೂಳು ತೆಗೆಯುತ್ತಿದ್ದ ಕೈಗಳೇ ಊರಿನಲ್ಲಿ ಉಳಿಯಲಿಲ್ಲ. ಹೂಳು ತುಂಬಿತು, ಏರಿ ಕುಸಿಯಿತು, ನದಿ ತನ್ನ ದಾರಿ ಬದಲಿಸಿತು. ಹಾಗಾಗಿ ಇಲ್ಲಿ ಮರುಕಟ್ಟಬೇಕಾದದ್ದು ಎರಡು: ನೀರು ಹರಿಯುವ ದಾರಿ, ಅದನ್ನು ನೋಡಿಕೊಳ್ಳುವ ಜನರ ಏರ್ಪಾಡು. ಮೊದಲನೆಯದನ್ನಷ್ಟೇ ಕಟ್ಟಿ ಹೋದರೆ ಮೂರ್ನಾಲ್ಕು ವರ್ಷಗಳಲ್ಲಿ ಕೆಲಸ ಮತ್ತೆ ಮೊದಲಿಗೆ ಬರುತ್ತದೆ.

ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಮುಂದಿನ ಪ್ರವಾಹದಲ್ಲಿ ಇದು ಒಡೆದರೆ, ಊರಿನವರು ತಮ್ಮಲ್ಲಿರುವ ಕಲ್ಲು, ತಂತಿ, ಮರದಿಂದ ತಾವೇ ಸರಿಮಾಡಬಲ್ಲರೇ? ಇಲ್ಲ ಎಂಬ ಉತ್ತರ ಬಂದರೆ ನಕ್ಷೆ ಬದಲಿಸಿ.

ಗುದ್ದಲಿ ಹಾಕುವ ಮೊದಲು

ಕಾಲುವೆಯ ಏರಿ, ತೂಬಿನ ಗೋಡೆ, ಕಾರೇಜಿನ (ನೀರು ತರುವ ನೆಲದಡಿಯ ಸುರಂಗದ) ಬಾಯಿ, ಇವೆಲ್ಲ ಯುದ್ಧದಲ್ಲಿ ಮರೆಯಾಗಿ ನಿಲ್ಲುವ ಜಾಗಗಳು. ಅದಕ್ಕೇ ನೆಲಬಾಂಬುಗಳೂ ಸಿಡಿಯದ ಶೆಲ್‌ಗಳೂ ಅಲ್ಲೇ ಹೆಚ್ಚು ಸಿಗುತ್ತವೆ. ಕೆಂಪು ಬಣ್ಣ ಬಳಿದ ಕಲ್ಲು ಕಂಡರೆ ಅದರಾಚೆ ಅಪಾಯ. ಬಿಳಿ ಬಣ್ಣದ ಕಡೆ ಶುಚಿಯಾದ ನೆಲ. ಆದರೆ ಬಣ್ಣ ಮಾಸುತ್ತದೆ, ಕಲ್ಲು ಮನೆ ಕಟ್ಟಲು ಹೋಗುತ್ತದೆ. ಆದ್ದರಿಂದ ಕಲ್ಲು ಕಾಣಲಿಲ್ಲವೆಂದು ಕಾಲಿಡಬೇಡಿ. ನೆಲಬಾಂಬು ನಿವಾರಣೆಯ ಸಮನ್ವಯ ಕಚೇರಿಯಿಂದ ಆ ಪ್ರದೇಶದ ದಾಖಲೆ ಕೇಳಿ ಪಡೆಯಿರಿ. ಕುರಿ ಕಾಯುವವರನ್ನು ವಿಚಾರಿಸಿ. ಎಲ್ಲಿ ಕುರಿ ಸತ್ತಿದೆ, ಯಾವ ದಂಡೆಗೆ ಮಂದೆ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಕಾಲುವೆಗಳಲ್ಲಿ ಇನ್ನೊಂದು ತೊಡಕಿದೆ. ನಿವಾರಣಾ ತಂಡ ಶೋಧಿಸುವುದು ಈಗಿನ ನೆಲದ ಮೇಲ್ಮೈಯಿಂದ ಒಂದು ನಿಗದಿತ ಆಳದವರೆಗೆ. ಕಾಲುವೆಯಲ್ಲಿ ಒಂದು ಮೀಟರ್ ಹೂಳು ತುಂಬಿದ್ದರೆ ಹಳೆಯ ನೆಲಬಾಂಬು ಆ ಆಳದ ಕೆಳಗೆ ಇರಬಹುದು. ಮೇಲಿನಿಂದ ಹೊಳೆಯ ನೀರೇ ತಂದು ಹೂತಿರಲೂಬಹುದು. ಹಾಗಾಗಿ ಎಷ್ಟು ಆಳಕ್ಕೆ ಅಗೆಯುತ್ತೀರಿ ಎಂಬುದನ್ನು ತಂಡಕ್ಕೆ ಮೊದಲೇ ಬರೆದು ಕೊಡಿ. ಪದರ ತೆಗೆದು, ಮತ್ತೆ ಶೋಧಿಸಿ, ಮತ್ತೊಂದು ಪದರ ತೆಗೆಯುವ ಕ್ರಮ ಒಪ್ಪಂದದಲ್ಲೇ ಇರಲಿ. ಪ್ರವಾಹ ಬಂದುಹೋದ ಜಾಗವನ್ನು, ಹಿಂದೆ ಶುಚಿಯಾಗಿತ್ತೆಂಬ ಕಾಗದವಿದ್ದರೂ, ಮತ್ತೆ ತೋರಿಸಿ.

ನೀರು ಯಾರದು, ಎಷ್ಟಿದೆ

ಕಾಲುವೆಯ ನೀರು ಹಂಚುವವನು ಮಿರಾಬ್, ನಮ್ಮ ಕೆರೆಗಳ ನೀರಗಂಟಿಯಂಥವನು. ಜಮೀನಿದ್ದವರು ಸೇರಿ ಅವನನ್ನು ಆರಿಸುತ್ತಾರೆ. ಕೂಲಿ ಸಾಮಾನ್ಯವಾಗಿ ಗೋಧಿಯಲ್ಲಿ. ಕಾಲುವೆಯ ಕೊನೆಯ ಭಾಗದವನನ್ನೇ ಮಿರಾಬ್ ಮಾಡುವ ರೂಢಿ ಹಲವೆಡೆ ಇದೆ. ತನ್ನ ಹೊಲಕ್ಕೆ ನೀರು ತಲುಪಬೇಕಾದರೆ ಮೇಲಿನ ಎಲ್ಲರ ಹೊಲಗಳನ್ನೂ ದಾಟಿ ಬರಬೇಕಲ್ಲ, ಅದಕ್ಕೆ. 2009ರ ಜಲ ಕಾಯ್ದೆಯೂ ಈ ಹುದ್ದೆಯನ್ನು ಗುರುತಿಸಿತ್ತು. ವರ್ಷಕ್ಕೊಮ್ಮೆ ಮನೆಗೊಬ್ಬರಂತೆ ಬಂದು ಹೂಳು ತೆಗೆಯುವ ಸಾಮೂಹಿಕ ಕೆಲಸಕ್ಕೆ ಹಶರ್ ಎನ್ನುತ್ತಾರೆ. ಮಿರಾಬ್ ಮತ್ತು ಹಶರ್ ಎರಡೂ ಬದುಕಿವೆಯೇ ಎಂದು ಮೊದಲು ತಿಳಿದುಕೊಳ್ಳಿ.

ಹಿರಿಯರನ್ನು ಕೂರಿಸಿ ಯುದ್ಧಕ್ಕೆ ಮುಂಚಿನ ಸರದಿ ಬರೆದುಕೊಳ್ಳಿ. ಯಾವ ಕವಲಿಗೆ ಎಷ್ಟು ಗಂಟೆ, ಎಷ್ಟು ಜೆರಿಬ್‌ಗೆ, ಹಗಲೋ ರಾತ್ರಿಯೋ, ಯಾವ ನೀರುಗಿರಣಿಗೆ ಯಾವ ತಿಂಗಳು ಹಕ್ಕು? (ಒಂದು ಜೆರಿಬ್ ಎಂದರೆ 2,000 ಚದರ ಮೀಟರ್, ಐದು ಜೆರಿಬ್ ಸೇರಿದರೆ ಒಂದು ಹೆಕ್ಟೇರ್.) ಈಗ ಬಲಾಢ್ಯರು ಹಿಡಿದುಕೊಂಡಿರುವ ಸರದಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಎರಡರ ನಡುವಿನ ಅಂತರ ಎಲ್ಲಿದೆಯೋ ಜಗಳ ಏಳುವುದೂ ಅಲ್ಲೇ. ವಲಸೆಯಿಂದ ಹಿಂದಿರುಗಿದ ಕುಟುಂಬಗಳ ಹಕ್ಕಿನ ಪ್ರಶ್ನೆಯೂ ಇಲ್ಲೇ ತೀರಬೇಕು, ಕಾಂಕ್ರೀಟ್ ಹಾಕಿದ ಮೇಲಲ್ಲ.

ನೀರಿನ ಅಳತೆಗೆ ದುಬಾರಿ ಉಪಕರಣ ಬೇಡ. ಕಾಲುವೆಯ ನೇರವಾದ 20 ಮೀಟರ್ ಉದ್ದವನ್ನು ಗೂಟ ಹೊಡೆದು ಗುರುತಿಸಿ. ಅಗಲ ಅಳೆಯಿರಿ, ಐದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಅರ್ಧ ಮುಳುಗಿ ತೇಲುವ ಮರದ ತುಂಡನ್ನು ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದೆ ನಡುನೀರಿಗೆ ಬಿಟ್ಟು ಸಮಯ ಹಿಡಿಯಿರಿ. ಐದಾರು ಸಲ ಮಾಡಿ. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಸಿಕ್ಕ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ 2.4 ಮೀಟರ್, ಸರಾಸರಿ ಆಳ 0.5 ಮೀಟರ್, 20 ಮೀಟರ್ ದಾಟಲು 25 ಸೆಕೆಂಡ್ ಎಂದುಕೊಳ್ಳಿ. ವೇಗ ಸೆಕೆಂಡಿಗೆ 0.8 ಮೀಟರ್, ಗುಣಿಸಿದರೆ 0.68. ಅಡ್ಡಕೊಯ್ತ 1.2 ಚದರ ಮೀಟರ್. ಹರಿವು ಸೆಕೆಂಡಿಗೆ ಸುಮಾರು 0.8 ಘನ ಮೀಟರ್, ಅಂದರೆ 800 ಲೀಟರ್.

ಬಿರುಬೇಸಿಗೆಯಲ್ಲಿ ಬೆಳೆ ದಿನಕ್ಕೆ 8 ಮಿಲಿಮೀಟರ್ ನೀರು ಕೇಳಿದರೆ, ಹೊಲದ ಬಾಯಲ್ಲಿ ಹೆಕ್ಟೇರಿಗೆ ಸೆಕೆಂಡಿಗೆ ಹೆಚ್ಚುಕಡಿಮೆ 1 ಲೀಟರ್ ಬೇಕು. ಮಣ್ಣಿನ ಕಾಲುವೆಯಲ್ಲಿ ಅರ್ಧದಷ್ಟು ನೀರು ಇಂಗಿ, ಸೋರಿ ಹೋಗುವುದು ಸಾಮಾನ್ಯ. ಹಾಗಾಗಿ ಕಾಲುವೆಯ ತಲೆಯಲ್ಲಿ, ಅಂದರೆ ನದಿಯಿಂದ ನೀರು ಒಳಬರುವ ಕಡೆ, ಹೆಕ್ಟೇರಿಗೆ 2 ಲೀಟರ್ ಲೆಕ್ಕ ಹಿಡಿಯಿರಿ. ಮೇಲಿನ 800 ಲೀಟರ್ 400 ಹೆಕ್ಟೇರಿಗೆ, ಅಂದರೆ 2,000 ಜೆರಿಬ್‌ಗೆ ಸಾಕು. ಊರಿನವರು 5,000 ಜೆರಿಬ್ ಎಂದು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಹಿಮ ಚೆನ್ನಾಗಿ ಬಿದ್ದ ವರ್ಷದ ವಸಂತದ ಲೆಕ್ಕ ಹೇಳುತ್ತಿರುತ್ತಾರೆ. ಇಲ್ಲಿನ ನದಿಗಳು ಹಿಮ ಕರಗಿ ಉಕ್ಕುತ್ತವೆ, ಶರತ್ಕಾಲ ಚಳಿಗಾಲಗಳಲ್ಲಿ ಬತ್ತುತ್ತವೆ. ಗೋಧಿ ಬಿತ್ತನೆಗೆ ನೀರು ಬೇಕಾಗುವುದು ನದಿ ಕೆಳಗಿಳಿದಾಗಲೇ. ಆ ತಗ್ಗಿನ ಮಟ್ಟದಲ್ಲೂ ಕಾಲುವೆಗೆ ನೀರು ಏರಬೇಕು, ಬೇಸಿಗೆಯ ಉಕ್ಕಿನಲ್ಲೂ ತೂಬು ಉಳಿಯಬೇಕು.

ಇನ್ನೊಂದು ಮಾತು ಮರೆಯಬಾರದು. ನಿಮ್ಮ ಹೊಸ ತೂಬು ಹೆಚ್ಚು ನೀರು ಎಳೆದರೆ ಕೆಳಗಿನ ಕಾಲುವೆಗೆ ಅಷ್ಟು ಕಡಿಮೆಯಾಗುತ್ತದೆ. ಬಲ್ಖ್ ನದಿಯ ಹದಿನೆಂಟು ಕಾಲುವೆಗಳ ಹಳೆಯ ವ್ಯವಸ್ಥೆಯಂಥ ಕಡೆ ಒಂದು ಕಾಲುವೆಯ ತಲೆ ಮುಟ್ಟಿದರೆ ಉಳಿದವೆಲ್ಲ ಅಲುಗಾಡುತ್ತವೆ. ಕೆಳಗಿನ ಮಿರಾಬ್‌ಗಳನ್ನು ಸ್ಥಳಕ್ಕೆ ಕರೆದು, ಅಳತೆಯನ್ನು ಅವರೆದುರೇ ಮಾಡಿ. ಹೆಲ್ಮಂಡ್ ನದಿಯಲ್ಲಾದರೆ ಲೆಕ್ಕ ಗಡಿಯಾಚೆಗೂ ಹೋಗುತ್ತದೆ: 1973ರ ಒಪ್ಪಂದದಂತೆ ಸಾಮಾನ್ಯ ವರ್ಷದಲ್ಲಿ ಇರಾನ್‌ಗೆ ಸೆಕೆಂಡಿಗೆ 26 ಘನ ಮೀಟರ್ ಸರಾಸರಿಯಲ್ಲಿ ನೀರು ಬಿಡಬೇಕು.

ತಲೆತೂಬು ಮತ್ತು ಅಡ್ಡಗಟ್ಟೆ

ಹಳೆಯ ಪದ್ಧತಿಯಲ್ಲಿ ಕಲ್ಲು, ಸೊಪ್ಪುಸೌದೆ, ಮಣ್ಣು ಸೇರಿಸಿ ನದಿಗೆ ಓರೆಯಾಗಿ ಒಂದು ತಡೆ ಕಟ್ಟುತ್ತಾರೆ. ಸರ್‌ಬಂದ್ ಎಂದು ಹೆಸರು. ವರ್ಷವರ್ಷವೂ ಅದು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಇದನ್ನು ನೋಡಿದ ಕೂಡಲೇ ಕಾಂಕ್ರೀಟ್ ಗೋಡೆ ಬರೆಯುವುದು ಎಂಜಿನಿಯರರ ಅಭ್ಯಾಸ. ಜರುಗುವ ಮರಳು, ಗುಂಡುಕಲ್ಲಿನ ನದಿಯಲ್ಲಿ ಅಂಥ ಗೋಡೆಯ ಅಡಿ ಕೊರೆದುಹೋಗುತ್ತದೆ, ಇಲ್ಲವೇ ನದಿಯೇ ಪಕ್ಕಕ್ಕೆ ಸರಿದು ತೂಬು ಒಣಗಿ ನಿಲ್ಲುತ್ತದೆ.

ಬೇರೆ ದಾರಿಯನ್ನು ನಂಗರ್‌ಹಾರ್‌ನಲ್ಲಿ ಜಪಾನಿನ ವೈದ್ಯ ತೆತ್ಸು ನಕಮುರಾ ಮಾಡಿ ತೋರಿಸಿದರು. 2000ರ ಬರದ ನಂತರ, ಔಷಧಿಗಿಂತ ಮೊದಲು ನೀರು ಬೇಕೆಂದು, 2003ರಲ್ಲಿ ಕುನಾರ್ ನದಿಯಿಂದ ಮರ್ವಾರೀದ್ ಕಾಲುವೆ ತೋಡಲು ಶುರುಮಾಡಿದರು. ಸುಮಾರು 25 ಕಿಲೋಮೀಟರ್ ಸಾಗಿ ಅದು ಗಂಬೇರಿ ಮರುಭೂಮಿಗೆ ನೀರು ಮುಟ್ಟಿಸಿತು. ಅವರ ಅಡ್ಡಗಟ್ಟೆಗೆ ಮಾದರಿ ಫುಕುಓಕಾದಲ್ಲಿ 1790ರಲ್ಲಿ ಕಲ್ಲಿನಿಂದ ಕಟ್ಟಿದ ಯಮಾದ ಒಡ್ಡು. ಯಂತ್ರಗಳಿಲ್ಲದ ಕಾಲದ ವಿಧಾನವನ್ನು ಆರಿಸಿದ್ದು, ಯಂತ್ರಗಳು ಹೋದ ಮೇಲೂ ರೈತರೇ ಅದನ್ನು ಉಳಿಸಿಕೊಳ್ಳಲಿ ಎಂದು. 2019ರ ಡಿಸೆಂಬರ್ 4ರಂದು ಜಲಾಲಾಬಾದ್‌ನಲ್ಲಿ ಅವರ ಹತ್ಯೆಯಾಯಿತು. ಕೆಳಗಿನ ಹಲವು ಹಂತಗಳು ಆ ವಿಧಾನವನ್ನೇ ಅನುಸರಿಸುತ್ತವೆ.

ಜಾಗದ ಆಯ್ಕೆ ಎಲ್ಲಕ್ಕಿಂತ ಮುಖ್ಯ. ನದಿ ಬಾಗುವ ಕಡೆ ಹೊರದಂಡೆಯಲ್ಲಿ, ಬಾಗಿನ ತುದಿ ದಾಟಿ ಸ್ವಲ್ಪ ಕೆಳಗೆ ತೂಬು ಇರಲಿ. ಬಾಗಿನಲ್ಲಿ ನೀರು ಸುರುಳಿ ಸುತ್ತುತ್ತ, ತಳದ ಮರಳನ್ನು ಒಳದಂಡೆಗೆ ತಳ್ಳಿ ಮೇಲಿನ ತಿಳಿನೀರನ್ನು ಹೊರದಂಡೆಗೆ ತರುತ್ತದೆ. ಒಳದಂಡೆಯಲ್ಲಿ ಕಟ್ಟಿದ ತೂಬು ಒಂದೇ ಬೇಸಿಗೆಯಲ್ಲಿ ಮರಳಿನಡಿ ಮುಚ್ಚಿಹೋಗುತ್ತದೆ. ಬಂಡೆಯ ನೆಲೆ ಸಿಕ್ಕರೆ ತೂಬನ್ನು ಅದಕ್ಕೇ ಕಚ್ಚಿಸಿ.

ಅಡ್ಡಗಟ್ಟೆ ಓರೆಯಾಗಿರಲಿ, ಉದ್ದವಾಗಿರಲಿ, ಎತ್ತರ ಕಡಿಮೆಯಿರಲಿ. ಉದ್ದ ಹೆಚ್ಚಿದಷ್ಟೂ ಅದರ ಮೇಲೆ ಉಕ್ಕುವ ನೀರಿನ ಆಳ ಇಳಿಯುತ್ತದೆ. ಸೆಕೆಂಡಿಗೆ 300 ಘನ ಮೀಟರ್ ಪ್ರವಾಹ 60 ಮೀಟರ್ ಉದ್ದದ ಗಟ್ಟೆಯ ಮೇಲೆ ಸುಮಾರು 2 ಮೀಟರ್ ಏರುತ್ತದೆ. ಅದೇ ಪ್ರವಾಹ 120 ಮೀಟರ್ ಉದ್ದದ ಮೇಲೆ 1.3 ಮೀಟರ್. ಆ 70 ಸೆಂಟಿಮೀಟರ್ ವ್ಯತ್ಯಾಸ ಎದುರು ದಂಡೆಯ ಹೊಲಗಳನ್ನು ಉಳಿಸುತ್ತದೆ. ಉಕ್ಕುವ ನೀರು ಗಟ್ಟೆಯ ಗೆರೆಗೆ ಲಂಬವಾಗಿ ಬೀಳುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದೇ ನೋಡಿ. ಆ ಗೆರೆ ಯಾವ ದಂಡೆಗೆ ತಾಗುತ್ತದೋ ಅಲ್ಲಿಗೆ ಕಲ್ಲಿನ ರಕ್ಷಣೆ ಗಟ್ಟೆಯ ಜೊತೆಯಲ್ಲೇ ಆಗಬೇಕು.

ಕಲ್ಲಿನ ಗಾತ್ರವನ್ನು ಕಣ್ಣಂದಾಜಿಗೆ ಬಿಡಬೇಡಿ. ವೇಗ ಸೆಕೆಂಡಿಗೆ 3 ಮೀಟರ್ ಇದ್ದರೆ 40 ಸೆಂಟಿಮೀಟರ್ ಕಲ್ಲು ನಿಲ್ಲುತ್ತದೆ. 4 ಮೀಟರಿಗೆ 65ರಿಂದ 70 ಸೆಂಟಿಮೀಟರ್. 5 ಮೀಟರಿಗೆ ಒಂದು ಮೀಟರಿಗೂ ದಪ್ಪದ, ಒಂದೂವರೆ ಟನ್ ತೂಗುವ ಬಂಡೆ ಬೇಕು. ವೇಗ ಎರಡರಷ್ಟಾದರೆ ಬೇಕಾಗುವ ತೂಕ 64 ಪಟ್ಟು ಏರುತ್ತದೆ. ಸಣ್ಣ ಕಲ್ಲು ತುಂಬ ಹಾಕಿದರೆ ದೊಡ್ಡ ಕಲ್ಲಿಗೆ ಸಮವಾಗುವುದಿಲ್ಲ. ದೊಡ್ಡ ಬಂಡೆಗಳನ್ನು ಗಟ್ಟೆಯ ಕೆಳಮಗ್ಗುಲಿಗೂ ತಲೆಗೂ ಇಟ್ಟು, ಸಂದಿಗಳಿಗೆ ಸಣ್ಣದು ತುಂಬಿ, ಕೆಳಗಿನ ಇಳಿಜಾರನ್ನು ಆದಷ್ಟು ಮಟ್ಟಸವಾಗಿ ಎಳೆಯಿರಿ. ತೂಬಿನ ಪಕ್ಕದಲ್ಲೇ ಗಟ್ಟೆಯಲ್ಲಿ ಮರಳು ತೊಳೆಯುವ ಬಾಯಿ ಬಿಡಿ. ತೂಬಿನ ಹೊಸ್ತಿಲಿಗಿಂತ ಅದರ ತಳ ಕೆಳಗಿರಲಿ.

ಗಟ್ಟೆಯ ತಲೆಗೆ ಗೇಬಿಯನ್ ಎಂಬ ಕಲ್ಲು ತುಂಬಿದ ತಂತಿಪೆಟ್ಟಿಗೆ ಹಾಕಬೇಡಿ. ಉರುಳುವ ಗುಂಡುಕಲ್ಲು ಒಂದೆರಡು ಪ್ರವಾಹಗಳಲ್ಲಿ ತಂತಿ ಕತ್ತರಿಸುತ್ತದೆ, ಪೆಟ್ಟಿಗೆ ಬರಿದಾಗುತ್ತದೆ. ಗೇಬಿಯನ್‌ಗೆ ತಕ್ಕ ಜಾಗ ಕಾಲುವೆಯ ಬದಿ ಮತ್ತು ದಂಡೆ. 2×1×1 ಮೀಟರ್ ಪೆಟ್ಟಿಗೆ, ಸತು ಲೇಪಿಸಿದ ಸುಮಾರು 3 ಮಿಲಿಮೀಟರ್ ತಂತಿ, 8×10 ಸೆಂಟಿಮೀಟರ್ ಕಣ್ಣು, 12ರಿಂದ 25 ಸೆಂಟಿಮೀಟರ್ ಕಲ್ಲು. ಮೂರನೇ ಒಂದು ಭಾಗ ತುಂಬಿದಾಗಲೊಮ್ಮೆ ಎದುರುಬದುರು ಗೋಡೆಗಳನ್ನು ಒಳಗಿಂದ ತಂತಿಯಿಂದ ಬಿಗಿಯಿರಿ. ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ಮುಖದ ಕಲ್ಲನ್ನು ಕೈಯಿಂದ ಜೋಡಿಸಿ, ಸುರಿಯಬೇಡಿ. ಹಿಂದೆ ಜಲ್ಲಿಯ ಪದರ ಹಾಕದಿದ್ದರೆ ಮಣ್ಣು ಕಲ್ಲುಗಳ ಸಂದಿಯಿಂದ ಸೋರಿ, ಏರಿಯೇ ಒಳಗಿಂದ ಟೊಳ್ಳಾಗುತ್ತದೆ.

ತಂತಿ ಕೊನೆಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಗೇಬಿಯನ್ ಹಿಂದೆ ವಿಲೋ ಮರದ ಕಡ್ಡಿ ನೆಡುವುದು. ಚಿಗುರೊಡೆಯುವ ಮುನ್ನ, ಚಳಿಗಾಲದ ಕೊನೆಗೆ, ಹೆಬ್ಬೆರಳು ದಪ್ಪದ ಒಂದು ಮೀಟರ್ ಕಡ್ಡಿಯನ್ನು ಮೂರನೇ ಎರಡು ಭಾಗ ತೇವದ ಮಣ್ಣಿನಲ್ಲಿ ಹುಗಿಯಿರಿ. ಅದರ ಎಳೆಬೇರುಗಳು ಕಲ್ಲುಗಳ ನಡುವೆ ಬಲೆ ಹೆಣೆದು, ತಂತಿ ಹೋದ ಮೇಲೂ ಕಲ್ಲನ್ನು ಹಿಡಿದಿಡುತ್ತವೆ. ಮೊದಲ ಎರಡು ವರ್ಷ ಮೇಕೆಗಳಿಂದ ಕಾಯಲು ಒಬ್ಬನಿಗೆ ಸಂಬಳ ಕೊಡಿ. ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದು ಈ ಸಂಬಳಕ್ಕೆ, ಕೊನೆಗೆ ನಷ್ಟ ಕಾಣುವುದೂ ಅಲ್ಲೇ.

ತೂಬಿಗೆ ಕಬ್ಬಿಣದ ಗೇಟಿಗಿಂತ ಮರದ ಹಲಗೆ ಲೇಸು. ಗೋಡೆಗಳಲ್ಲಿ ಎರಡು ಸಾಲು ಸೀಳು ಬಿಟ್ಟು, ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ನೀರು ಮೇಲಿನಿಂದ ಉಕ್ಕಿ ಒಳಬರುತ್ತದೆ, ತಳದ ಮರಳು ಹೊರಗೇ ಉಳಿಯುತ್ತದೆ. ಎತ್ತುವ ಗೇಟು ಇದರ ತದ್ವಿರುದ್ಧ: ಮೊದಲು ಮರಳನ್ನೇ ಒಳಗೆ ಬಿಡುತ್ತದೆ. ಅದರ ತಿರುಪು ಕಳುವಾದರೆ ಗೇಟು ನಿಂತಲ್ಲೇ ನಿಲ್ಲುತ್ತದೆ. ಹಲಗೆ ಮುರಿದರೆ ಊರಿನ ಬಡಗಿ ಅಂದೇ ಮಾಡಿಕೊಡುತ್ತಾನೆ.

ತೂಬಿನ ಕೆಳಗೆ ಹೂಳು ಕೂರಲು ಒಂದು ಕೊಳ ಬೇಕು. 0.8 ಘನ ಮೀಟರ್ ಹರಿವಿಗೆ 4 ಮೀಟರ್ ಅಗಲ, 1 ಮೀಟರ್ ಆಳವಿಟ್ಟರೆ ವೇಗ ಸೆಕೆಂಡಿಗೆ 0.2 ಮೀಟರಿಗೆ ಇಳಿಯುತ್ತದೆ. ಸಣ್ಣ ಮರಳು ಸೆಕೆಂಡಿಗೆ 2 ಸೆಂಟಿಮೀಟರಿನಂತೆ ಇಳಿದರೂ 10 ಮೀಟರ್ ಉದ್ದದಲ್ಲಿ ತಳ ಮುಟ್ಟುತ್ತದೆ. ಸುಳಿಗಳ ಕಾರಣ 25ರಿಂದ 30 ಮೀಟರ್ ಇಡಿ. ಕೂತ ಹೂಳಿಗೆ ಇನ್ನೂ ಅರ್ಧ ಮೀಟರ್ ಆಳ, ನದಿಗೆ ತೊಳೆದು ಬಿಡಲು ಒಂದು ತಳತೂಬು. ಕೊಳದ ತಳ ನದಿಗಿಂತ ತಗ್ಗಿದ್ದರೆ ತೊಳೆಯಲಾಗದು. ಈ ಮಟ್ಟವನ್ನು ಮೊದಲೇ ನೋಡಿ.

ಇವೆಲ್ಲ ನದಿ ತಗ್ಗಿದಾಗ, ಅಂದರೆ ಶರತ್ಕಾಲದಿಂದ ಚಳಿಗಾಲದ ಕೊನೆಯೊಳಗೆ ಮುಗಿಯಬೇಕು. ಆದರೆ ಗಾರೆ, ಕಾಂಕ್ರೀಟ್ ಕೆಲಸ 5 ಡಿಗ್ರಿಗಿಂತ ಕೆಳಗೆ ಮಾಡಬಾರದು. ರಾತ್ರಿ ಹೆಪ್ಪುಗಟ್ಟಿದ ಗಾರೆ ವಸಂತದಲ್ಲಿ ಪುಡಿಯಾಗುತ್ತದೆ. ಗುಡ್ಡಗಾಡಿನಲ್ಲಿ ತೂಬಿನ ಗೋಡೆಯನ್ನು ಮೊದಲು ಮುಗಿಸಿ, ಬಂಡೆ ಕೆಲಸವನ್ನು ಚಳಿಗೆ ಇಟ್ಟುಕೊಳ್ಳಿ.

ಹೂಳು ತೆಗೆಯುವಾಗ

ಕಾಲುವೆಯ ನಿಜವಾದ ತಳ ಎಲ್ಲಿದೆ ಎಂದು ಹಳೆಯ ಸೇತುವೆಗಳ ಕಲ್ಲುಹಾಸು, ಕವಲುಗಳ ಹೊಸ್ತಿಲು ನೋಡಿ ಪತ್ತೆ ಮಾಡಿ. 50 ಮೀಟರಿಗೊಂದು ಗೂಟ ಹೊಡೆದು ಮಟ್ಟ ಗುರುತಿಸಿ. ತಳಕ್ಕಿಂತ ಕೆಳಗೆ ಅಗೆದರೆ ನೀರಿನ ಮಟ್ಟ ಇಳಿದು, ಕಾಲುವೆ ತುಂಬಿ ಹರಿದರೂ ಹೊಲದ ಬಾಯಿಗೆ ನೀರು ಏರುವುದಿಲ್ಲ. ಯಂತ್ರದಿಂದ ಹೂಳು ತೆಗೆದ ಕಡೆ ಪದೇಪದೇ ಕಾಣುವ ಕೆಡುಕು ಇದು.

2.5 ಮೀಟರ್ ಅಗಲದ ಕಾಲುವೆಯಲ್ಲಿ 60 ಸೆಂಟಿಮೀಟರ್ ಹೂಳಿದ್ದರೆ ಒಂದು ಕಿಲೋಮೀಟರಿಗೆ 1,500 ಘನ ಮೀಟರ್. ಒಬ್ಬರು ದಿನಕ್ಕೆ ಎರಡೂವರೆ ಘನ ಮೀಟರ್ ಎತ್ತಿಹಾಕುತ್ತಾರೆಂದರೆ 600 ಆಳುದಿನ; ನೂರು ಜನಕ್ಕೆ ಆರು ದಿನ. ಕೆಳಗಿನಿಂದ ಮೇಲಕ್ಕೆ ಕೆಲಸ ಮಾಡುತ್ತ ಬನ್ನಿ, ಒಸರುವ ನೀರು ತಾನಾಗಿ ಹರಿದುಹೋಗುತ್ತದೆ. ತೆಗೆದ ಮಣ್ಣು ಅಂಚಿನಿಂದ ಕನಿಷ್ಠ ಒಂದು ಮೀಟರ್ ದೂರ ಬೀಳಲಿ.

ಕೂಲಿ ವಿಷಯದಲ್ಲಿ ಎಚ್ಚರ ಬೇಕು. ಊರು ಹಿಂದಿನಿಂದ ಹಶರ್‌ನಲ್ಲಿ ಮಾಡುತ್ತಿದ್ದ ವಾರ್ಷಿಕ ಹೂಳಿಗೆ ಹೊರಗಿನ ಹಣ ಕೊಟ್ಟರೆ ಮರುವರ್ಷ ಹಶರ್‌ಗೆ ಯಾರೂ ಬರುವುದಿಲ್ಲ. ಯುದ್ಧದ ವರ್ಷಗಳಲ್ಲಿ ಸೇರಿಕೊಂಡ ಹೆಚ್ಚುವರಿ ಹೂಳಿಗೆ, ಒಡೆದ ಏರಿಗೆ, ಕಲ್ಲು ಸಾಗಿಸಲು ಮಾತ್ರ ಕೂಲಿ ಕೊಡಿ. ಎಲ್ಲಿಗೆ ಕೂಲಿ ನಿಲ್ಲುತ್ತದೆಂದು ಮೊದಲ ದಿನವೇ ಹೇಳಿ.

ಒಡೆದ ಏರಿಯನ್ನು ಮೆಟ್ಟಿಲಿನಂತೆ ಕತ್ತರಿಸಿ, 15ರಿಂದ 20 ಸೆಂಟಿಮೀಟರ್ ಪದರಗಳಲ್ಲಿ ತೇವದ ಮಣ್ಣು ಹಾಕಿ ದಮ್ಮಸು ಮಾಡಿ. ನೀರಿನ ಮಟ್ಟದ ಮೇಲೆ ಅರ್ಧ ಮೀಟರ್ ಏರಿ ಉಳಿಯಲಿ. ಗುಡ್ಡದಿಂದ ಹಳ್ಳ ಇಳಿದು ಕಾಲುವೆಯನ್ನು ದಾಟುವ ಕಡೆ ಸಣ್ಣ ಕೊಳವೆ ಹಾಕಬೇಡಿ. ಒಂದೇ ಮಳೆಗೆ ಕಲ್ಲು ಕಟ್ಟಿಕೊಂಡು ಹಳ್ಳ ಕಾಲುವೆಯೊಳಕ್ಕೇ ನುಗ್ಗುತ್ತದೆ. ಕಾಲುವೆಯನ್ನು ಹಳ್ಳದ ಅಡಿಯಲ್ಲಿ ಮುಚ್ಚಿ ಒಯ್ದು, ಹಳ್ಳವನ್ನು ಅದರ ಮೇಲೆ ಕಲ್ಲುಹಾಸಿನಲ್ಲಿ ಅಗಲವಾಗಿ ಹರಿಯಬಿಡಿ.

ಕವಲೊಡೆಯುವ ಕಡೆ ಗೇಟು ಇಟ್ಟರೆ ಬೀಗದ ಕೈ ಹಿಡಿದವನೇ ಒಡೆಯನಾಗುತ್ತಾನೆ. ಒಂದೇ ಮಟ್ಟದ ಹೊಸ್ತಿಲು ಕಟ್ಟಿ, ಪಾಲಿಗೆ ತಕ್ಕ ಅಗಲ ಬಿಡಿ: 900 ಜೆರಿಬ್ ಕವಲಿಗೆ 90 ಸೆಂಟಿಮೀಟರ್, 600ಕ್ಕೆ 60. ಹೊಸ್ತಿಲ ಕೆಳಗೆ ನೀರು ಸರಾಗವಾಗಿ ಬೀಳಬೇಕು. ಒಂದು ಕವಲಲ್ಲಿ ನೀರು ಹಿಂದಕ್ಕೆ ನಿಂತರೆ ಪಾಲು ತಪ್ಪುತ್ತದೆ. ನೀರು ಹೆಚ್ಚಲಿ ಕಡಿಮೆಯಾಗಲಿ, ದಾರಿಹೋಕರಿಗೂ ಪಾಲು ಕಣ್ಣಿಗೆ ಕಾಣುತ್ತದೆ.

ಕಾರೇಜ್

ಕಂದಹಾರ್‌ನಂಥ ಒಣಪ್ರದೇಶಗಳಲ್ಲಿ ಗುಡ್ಡದ ಬುಡದ ಅಂತರ್ಜಲವನ್ನು ಇಳಿಜಾರು ಸುರಂಗದಲ್ಲಿ ಊರಿಗೆ ತರುವ ಕಾರೇಜ್‌ಗಳಿವೆ. ಸೋವಿಯತ್ ಯುದ್ಧದಲ್ಲಿ ಹೋರಾಟಗಾರರು ಇವುಗಳಲ್ಲಿ ಅಡಗುತ್ತಿದ್ದುದರಿಂದ ಬಾಂಬು ಬಿದ್ದು ಅನೇಕ ಕುಸಿದವು. ಇದು ಕಾರೇಜ್‌ಕನ್ ಎಂಬ ಕಸುಬುದಾರರ ಕೆಲಸ. ಸಾಮಾನ್ಯ ಕೂಲಿಯವರನ್ನು ಇಳಿಸಬೇಡಿ. ಕೆಲಸ ನೀರು ಹೊರಬೀಳುವ ಬಾಯಿಯಿಂದ ಮೇಲಕ್ಕೆ ಸಾಗಬೇಕು. ಮೇಲಿನಿಂದ ಶುರುಮಾಡಿದರೆ ಹೂಳಿನ ಹಿಂದೆ ನಿಂತ ನೀರು ಒಮ್ಮೆಲೇ ನುಗ್ಗಿ ಜೀವ ತೆಗೆಯುತ್ತದೆ. ಸುರಂಗಕ್ಕೆ ಇಳಿಯಲು ಉದ್ದಕ್ಕೂ ತೋಡಿರುವ ಪ್ರತಿ ಬಾವಿಗೂ ಇಳಿಯುವ ಮುನ್ನ ಗಾಳಿ ಪರೀಕ್ಷಿಸಿ, ಅಕ್ಕಪಕ್ಕದ ಎರಡು ಬಾವಿಗಳ ಬಾಯಿ ತೆರೆದಿಡಿ. ಡೀಸೆಲ್ ಪಂಪನ್ನು ಒಳಗೆ ಇಳಿಸಲೇಬಾರದು. ಮಳೆ ಬಂದ ಮರುದಿನ ಕೆಲಸ ಬೇಡ. ಸಡಿಲ ಮಣ್ಣಿರುವಷ್ಟು ಉದ್ದಕ್ಕೆ ಮಾತ್ರ ಮೊಟ್ಟೆಯಾಕಾರದ ಕಾಂಕ್ರೀಟ್ ಬಳೆ ಕೂರಿಸಿ. ನೀರು ಒಸರುವ ಮೇಲ್ಭಾಗಕ್ಕೆ ಬಳೆ ಹಾಕಿದರೆ ಊಟೆಯನ್ನೇ ಮುಚ್ಚಿದಂತೆ. ಬಾವಿಗಳ ಬಾಯಿಯನ್ನು ಅರ್ಧ ಮೀಟರ್ ಎತ್ತರಿಸಿ ಮುಚ್ಚಳ ಹಾಕಿ.

ಸುರಂಗದ ಮೇಲ್ತುದಿಯ ತಾಯಿಬಾವಿಯ ಸುತ್ತ ಸೋಲಾರ್ ಪಂಪಿನ ಕೊಳವೆಬಾವಿಗಳಿದ್ದರೆ ಸುರಂಗ ಎಷ್ಟೇ ಶುಚಿ ಮಾಡಿದರೂ ನೀರು ಬಾರದು. ಸೂರ್ಯನ ಬಿಸಿಲಿಗೆ ಡೀಸೆಲ್ ಖರ್ಚಿಲ್ಲ, ದಿನವಿಡೀ ಎಳೆಯುತ್ತಾರೆ. ಸುತ್ತಲಿನ ಬಾವಿಗಳ ನೀರಿನ ಮಟ್ಟ ಅಳೆದು, ಅದು ಸುರಂಗದ ತಳಕ್ಕಿಂತ ಕೆಳಗಿದ್ದರೆ, ಆ ಹಣವನ್ನು ಕಾರೇಜ್‌ಗೆ ಹಾಕಬೇಡಿ.

ಉಪ್ಪು

ನೀರು ತಂದಷ್ಟೇ ಮುಖ್ಯ ಅದನ್ನು ಹೊರಗೆ ಕಳಿಸುವುದು. ಕಜಾಕಿ ಅಣೆಕಟ್ಟು 1953ರಲ್ಲಿ ಮುಗಿದ ಕಾಲದ ಹೆಲ್ಮಂಡ್ ನೀರಾವರಿ ಯೋಜನೆಯಲ್ಲಿ ಬಸಿಗಾಲುವೆ ಸಾಲದೆ ನಾದ್ ಅಲಿ, ಮಾರ್ಜಾಗಳ ನೆಲ ಜವುಗಾಗಿ ಉಪ್ಪೇರಿತು. ಹೊಲದಲ್ಲಿ ಎರಡು ಮೀಟರ್ ಗುಂಡಿ ತೋಡಿ ಒಂದು ರಾತ್ರಿ ಬಿಡಿ. ನೆಲದಿಂದ ಒಂದೂವರೆ ಮೀಟರ್ ಆಳಕ್ಕಿಂತ ಮೇಲೆ ನೀರು ನಿಂತರೆ ಮೊದಲು ಬಸಿಗಾಲುವೆ, ಆಮೇಲೆ ಹೊಸ ನೀರು. ಉಪ್ಪು ತೊಳೆಯಲು ನೆಲದ ಎಷ್ಟು ಆಳ ಶುಚಿಯಾಗಬೇಕೋ ಅಷ್ಟೇ ಆಳದ ನೀರನ್ನು ಕಂತುಗಳಲ್ಲಿ ನಿಲ್ಲಿಸಿ ಇಂಗಿಸಿ, ಹೆಚ್ಚುಕಡಿಮೆ ಶೇ. 80ರಷ್ಟು ಉಪ್ಪು ಇಳಿಯುತ್ತದೆ. ಚಳಿಗಾಲದಲ್ಲಿ ಮಾಡಿದರೆ ಆವಿಯಾಗುವ ನಷ್ಟ ಕಡಿಮೆ. ಬಸಿಯುವ ದಾರಿಯಿಲ್ಲದೆ ತೊಳೆದರೆ ಉಪ್ಪು ಬೇಸಿಗೆಯಲ್ಲಿ ಮೇಲಕ್ಕೆ ಬರುತ್ತದೆ.

ಮೊದಲ ನೀರು ಬಿಡುವುದು

ಹೊಸ ಏರಿಗೆ ಒಮ್ಮೆಲೇ ತುಂಬ ನೀರು ಬಿಡಬೇಡಿ. ಮೂರನೇ ಒಂದು ಭಾಗ ತುಂಬಿಸಿ ಎರಡು ಮೂರು ದಿನ ಇಡಿ. ಇಬ್ಬಿಬ್ಬರಂತೆ ಹಗಲೂ ರಾತ್ರಿ ಏರಿಯ ಹೊರಬುಡದಲ್ಲಿ ನಡೆದು ನೋಡಬೇಕು. ತಿಳಿನೀರು ಒಸರಿದರೆ ಗುರುತು ಹಾಕಿ ಕಾಯಿರಿ; ಕೆಸರುನೀರು ಬಂದರೆ ಮಣ್ಣು ಒಳಗಿಂದ ಹೊರಡುತ್ತಿದೆ ಎಂದರ್ಥ, ಆಗ ನೀರು ಇಳಿಸಿ, ಆ ಭಾಗ ತೆಗೆದು ಮತ್ತೆ ಕಟ್ಟಿ. ಇಳಿಸುವಾಗಲೂ ಆತುರ ಬೇಡ: ಗಂಟೆಗೆ 15 ಸೆಂಟಿಮೀಟರ್, ಇಡೀ ದಿನಕ್ಕೆ 30 ಸೆಂಟಿಮೀಟರ್ ಮೀರಬಾರದು. ನೀರಿನ ಒತ್ತು ಹೋದ ಕೂಡಲೇ ನೆನೆದ ಏರಿ ಒಳಕ್ಕೆ ಜಾರುತ್ತದೆ.

ಮೊದಲ ಬೇಸಿಗೆಯ ಪ್ರವಾಹ ಅಡ್ಡಗಟ್ಟೆಯ ಕೆಲವು ಬಂಡೆಗಳನ್ನು ಸರಿಸಿಯೇ ಸರಿಸುತ್ತದೆ. ಅದಕ್ಕಾಗಿ ಒಟ್ಟು ಕಲ್ಲಿನ ಹತ್ತನೇ ಒಂದು ಭಾಗವನ್ನು, ಹತ್ತಿಪ್ಪತ್ತು ಸುರುಳಿ ತಂತಿಯನ್ನು, ಎರಡು ಜೊತೆ ಹಲಗೆಯನ್ನು ತೂಬಿನ ಬಳಿಯೇ ಇಟ್ಟು ಮಿರಾಬ್‌ಗೆ ಒಪ್ಪಿಸಿ. ಶರತ್ಕಾಲದಲ್ಲಿ ನೀರಿಳಿದಾಗ ಎಲ್ಲಿ ಕಲ್ಲು ಹೋಗಿದೆ, ಎಲ್ಲಿ ಮರಳು ಕೂತಿದೆ ಎಂದು ಅವನ ಜೊತೆ ನಡೆದು ಬರೆದುಕೊಳ್ಳಿ. ಆ ವರ್ಷದ ಹಶರ್ ಎಲ್ಲಿಂದ ಶುರುವಾಗಬೇಕೆಂದು ಅವನೇ ಗೊತ್ತುಮಾಡಲಿ.